ಕಾರಿಗೆ ಸ್ನಾನ ಮಾಡಿಸಿದೆ

"ನಾಳೆಯಿಂದ ನಿಮ್ಮ ವ್ಯಾನೂ ಬೇಡ, ನಿಮ್ಮ ಹಂಗೂ ಬೇಡ. ನನಗೇ ಅಂತ ಒಂದು ಕಾರು ತಗೋತೀನಿ!"

ಹೀಗಂತ ನಾನು ಘೋಷಣೆ ಮಾಡಿದ್ದು ಒಂದು ಮಂಗಳವಾರ ಬೆಳಿಗ್ಗೆ. ಇನ್ನೂ ಬೆಳಕು ಹರಿದಿರಲಿಲ್ಲ. ನನಗೆ ತಲೆ ಬಾಚೋಕೂ ಬಿಡದೆ ನಮ್ಮ ಯಜಮಾನರು ಹೊರಗೆ ಹಾರನ್ ಹೊಡೀತಾ ಇದ್ದರು. ಅವರು ಬ್ರೆಡ್ ಕಾರ್ಖಾನೆಯ ವ್ಯಾನ್ ಓಡಿಸುತ್ತಿದ್ದರು. ನಾನು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯೋ ವಿಭಾಗದಲ್ಲಿದ್ದೀನಿ. ಮೊದಲ ಬಸ್ಸು ಬರೋ ಮುಂಚೆಯೇ ನನ್ನ ಪಾಳಿ ಶುರು. ಹಾಗಾಗಿ ದಿನಾ ನನ್ನನ್ನು ಬ್ರೆಡ್ಡಿನ ಜೊತೆ ತುಂಬಿಕೊಂಡು ಹೋಗಿ ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ಇಳಿಸುತ್ತಿದ್ದರು.

"ಕಾರು ತಗೊಳ್ಳೋದು ಅಂದ್ರೆ ಬಕೆಟ್ ತಗೊಂಡ ಹಾಗಲ್ಲ ಕಣೇ. ಬಾನೆಟ್ ಎತ್ತಿ ಒಳಗೆ ನೋಡೋಕೆ ಬರಬೇಕು. ಬರುತ್ತಾ ನಿನಗೆ?" ಅಂದರು.

"ನೋಡೋದೇನು ಮಹಾ! ಇಂಜಿನ್ ಬಿಚ್ಚಿ, ಒಗೆದು, ಇಸ್ತ್ರಿ ಮಾಡಿ, ಮಡಚಿ ಇಡ್ತೀನಿ!"

ಎಷ್ಟು ನಕ್ಕರು ಅಂದರೆ ತಿರುವಿನಲ್ಲಿ ವ್ಯಾನು ಫುಟ್‌ಪಾತ್ ಹತ್ತಿ ಇಳೀತು. ಹಿಂದೆ ಬ್ರೆಡ್ಡೆಲ್ಲ ಒಂದೇ ಕಡೆ ವಾಲಿಕೊಂಡಿತು. "ಆಗಲಿ ತಾಯಿ, ತಗೋ. ನಾನು ಹಿಂದಿನ ಸೀಟಲ್ಲಿ ಕಾಲಮೇಲೆ ಕಾಲು ಹಾಕ್ಕೊಂಡು ಬರ್ತೀನಿ" ಅಂದರು.

ಬುಧವಾರ ಶೂ ಹಾಕಿಕೊಳ್ಳೋಕೆ ಅಂತ ಕೂತವರು ಏಳಲಿಲ್ಲ. ಹೃದಯ ನಿಂತಿತು ಅಂದರು ಡಾಕ್ಟರು. ಅದನ್ನು ಇದಕ್ಕಿಂತ ಉದ್ದ ಬರೆಯೋಕೆ ನನಗೆ ಬರೋದಿಲ್ಲ.

ಕಾರಿನ ವಿಷಯಕ್ಕೆ ಬರ್ತೀನಿ.

ಕಾರ್ಖಾನೆಯವರು ವ್ಯಾನು ತಗೊಂಡು ಹೋದರು. ರಜೆ ಮುಗಿಸಿ ನಾನು ಬಸ್ಸಲ್ಲಿ ಹೋಗತೊಡಗಿದೆ. ಹೋಗಿ ನೋಡಿದರೆ ಕೊಳೆ ಹೊದಿಕೆಗಳ ಗಾಡಿಗಳು ಸಾಲಾಗಿ ನನಗಾಗಿ ಕಾಯ್ತಾ ನಿಂತಿರುತ್ತಿದ್ದವು. ನಮ್ಮ ಮೇಲ್ವಿಚಾರಕಿ ಒಳ್ಳೆಯವಳೇ. ಆದರೆ ಅವಳ ಒಳ್ಳೆಯತನಕ್ಕೂ ಕೈಯಲ್ಲೊಂದು ಗಡಿಯಾರ ಇದೆ.

"ನೋಡಮ್ಮ, ನಿನ್ನ ಕಷ್ಟ ನನಗೆ ಗೊತ್ತು. ಆದರೆ ಆಪರೇಷನ್ ಕೋಣೆಗೆ ಬೆಳಿಗ್ಗೆ ಬಟ್ಟೆ ಬೇಕಲ್ಲ? ಬರೋ ಸೋಮವಾರ ಮೊದಲ ಪಾಳಿಗೆ ನೀನು ಬಾಗಿಲಲ್ಲಿರಬೇಕು. ಇಲ್ಲದಿದ್ದರೆ ನಿನ್ನ ಜಾಗಕ್ಕೆ ಬೇರೆಯವಳು" ಅಂದಳು.

ಮನೆಯಲ್ಲಿ ನಾನು, ನಮ್ಮತ್ತೆ, ಇಬ್ಬರೇ. ಆ ಕೆಲಸ ಹೋದರೆ ಒಲೆ ಹಚ್ಚೋ ಕೆಲಸವೂ ಹೋದ ಹಾಗೆ. ದಿನಾ ಬಾಡಿಗೆ ಗಾಡಿ ಹಿಡಿದರೆ ಸಂಬಳ ಗಾಡಿಯವನಿಗೇ. ಓಡಿಸೋಕಂತೂ ನನಗೆ ಬರುತ್ತೆ. ಖಾಲಿ ಮೈದಾನದಲ್ಲಿ, ಬ್ರೆಡ್ ವ್ಯಾನಿನಲ್ಲೇ ಅವರು ಕಲಿಸಿದ್ದರು. "ಹಿಂದೆ ಒಂದು ಬನ್ನೂ ಅಪ್ಪಚ್ಚಿಯಾಗಬಾರದು, ಹಾಗೆ ಬ್ರೇಕ್ ಹಾಕು" ಅನ್ನೋದು ಅವರ ಪಾಠ. ಲೈಸೆನ್ಸೂ ಇತ್ತು. ಇಲ್ಲದಿದ್ದದ್ದು ಕಾರು ಮಾತ್ರ! ಅವರ ಲೆಕ್ಕ ಚುಕ್ತಾ ಮಾಡಿ ಕಾರ್ಖಾನೆಯವರು ಕೊಟ್ಟಿದ್ದ ದುಡ್ಡಿನಲ್ಲಿ, ಸೋಮವಾರದೊಳಗೆ ಹಳೇದೋ ಹರಕೋ ಒಂದು ಕಾರು ಬೇಕಾಗಿತ್ತು.

ವಿಷಯ ಕಿವಿಗೆ ಬಿದ್ದದ್ದೇ ನನ್ನ ಮೈದುನ ಹಾಜರಾದ. ಅವನು ಹಾಸಿಗೆ ಮಾರೋ ಅಂಗಡಿಯಲ್ಲಿ ಕೆಲಸ ಮಾಡ್ತಾನೆ.

"ಅತ್ತಿಗೆ, ನೀವು ಸುಮ್ಮನಿದ್ದುಬಿಡಿ. ಸೆಕೆಂಡ್ ಹ್ಯಾಂಡ್ ಕಾರಿನ ಬಜಾರು ಅಂದ್ರೆ ಕಾಡು, ಕಾಡು! ಹುಲಿ ಇರುತ್ತೆ, ನರಿ ಇರುತ್ತೆ. ನಾನಿದ್ದೀನಲ್ಲ."

"ನೀನು ಯಾವಾಗಪ್ಪ ಕಾರು ತಗೊಂಡಿದ್ದೆ?"

"ತಗೊಂಡಿಲ್ಲ. ಅದಕ್ಕೇ ಇನ್ನೂ ಮೋಸ ಹೋಗಿಲ್ಲ!"



ಶನಿವಾರ ಮಧ್ಯಾಹ್ನ ನಾವು ಮೂರು ಜನ ಕಾರು ನೋಡೋಕೆ ಹೊರಟೆವು. ಅತ್ತೆಯನ್ನು ಯಾರೂ ಕರೆದಿರಲಿಲ್ಲ. ಚಪ್ಪಲಿ ಹಾಕ್ಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದರು.

ಕಾರು ಒಬ್ಬ ರಿಟೈರಾದ ಭೂಗೋಳದ ಮೇಷ್ಟ್ರದು. ಕಣ್ಣು ಮಂಜಾಗಿ, ಒಂದು ದಿನ ತಮ್ಮ ಮನೆಯ ಗೇಟಿಗೇ ಗುದ್ದಿಕೊಂಡರಂತೆ. ಅದಕ್ಕೇ ಮಾರೋದು. ಕಾರಿನ ಬಣ್ಣ ಬಿಳಿ. ಅಂದರೆ ನಮ್ಮ ಆಸ್ಪತ್ರೆಯಲ್ಲಿ ಹರಿದು ಒರೆಸೋಕೆ ಹಾಕೋ ಹಂತಕ್ಕೆ ಬಂದ ಹೊದಿಕೆ ಇರುತ್ತಲ್ಲ, ಆ ಬಿಳಿ.

"ಕಾರಿನ ನೈಋತ್ಯ ದಿಕ್ಕಿನಲ್ಲಿ ಒಂದು ತಗ್ಗು ಪ್ರದೇಶ ಇದೆ. ಗೇಟಿನ ಕೃಪೆ. ಉಳಿದ ಹಾಗೆ ಭೂಮಿ ಸಮತಟ್ಟು" ಅಂದರು ಮೇಷ್ಟ್ರು.

ಆಮೇಲೆ ನಮ್ಮ ಮಹಾಪರೀಕ್ಷೆ ಶುರುವಾಯಿತು. ಮೈದುನ ಸೀಟಿನ ಮೇಲೆ ಕೂತು ಮೂರ್ನಾಲ್ಕು ಸಲ ಕುಪ್ಪಳಿಸಿದ. ಅಂಗೈ ಊರಿ ಒತ್ತಿದ. ಕಿವಿ ಇಟ್ಟು ಕೇಳಿದ. "ಸ್ಪ್ರಿಂಗ್ ಚೆನ್ನಾಗಿದೆ. ಬೆನ್ನುನೋವು ಬರೋಲ್ಲ" ಅಂತ ತೀರ್ಪು ಕೊಟ್ಟ. ನಾನು ಸೀಟಿನ ಕವರ್ ಮಗುಚಿ ಹೊಲಿಗೆ ನೋಡಿದೆ, ಮೂಸಿದೆ. ಕಾಫಿ ಕಲೆ ಒಂದು, ಇಂಕಿನ ಕಲೆ ಒಂದು. ಎರಡೂ ಬಿಡುತ್ತೆ. ಗಟ್ಟಿ ಹೊಲಿಗೆ. ಅತ್ತೆ ಹಿಂದಿನ ಬಾಗಿಲು ತೆಗೆದು ಒಳಗೆ ಕೂತು, ಬಾಗಿಲು ಹಾಕಿಕೊಂಡು, ಗಾಜು ಇಳಿಸಿ, "ಮಂಡಿ ತಾಗೋಲ್ಲ. ತಗೋ" ಅಂದರು. ನೋಡಿ, ಇಷ್ಟೆಲ್ಲ ನೋಡಿದ ನಮ್ಮ ಮೂವರಲ್ಲಿ ಒಬ್ಬರೂ ಇಂಜಿನ್ ಇರೋ ಕಡೆ ತಲೆ ಹಾಕಿರಲಿಲ್ಲ!

ಮೇಷ್ಟ್ರೇ ಪಾಪ ಬಾನೆಟ್ ಹತ್ತಿರ ಹೋಗಿ, "ಇಂಜಿನ್ ಬಗ್ಗೆ ನಾನೊಂದು ಮಾತು ಹೇಳಬೇಕು…" ಅಂತ ಶುರು ಮಾಡಿದರು.

ಮೈದುನ ಟ್ರಾಫಿಕ್ ಪೊಲೀಸನ ಹಾಗೆ ಕೈ ಅಡ್ಡ ಹಿಡಿದ. "ಬೇಡ ಸಾರ್! ಮಾರೋರ ಮಾತು ನಾವು ಕೇಳೋದಿಲ್ಲ. ನಾಳೆ ನಮ್ಮ ಮೆಕ್ಯಾನಿಕ್ ಬಂದು ನೋಡ್ತಾನೆ. ಅವನು ಇಂಜಿನ್ ಮುಖ ನೋಡಿದರೆ ಸಾಕು, ಜಾತಕ ಹೇಳ್ತಾನೆ."

"ಆದರೆ ಇದು…"

"ಸಾರ್, ಪ್ಲೀಸ್!"

ಮೇಷ್ಟ್ರು ಬಾಯಿ ಮುಚ್ಚಿದರು. ಇಷ್ಟು ವರ್ಷ ಬೇರೆಯವರ ಬಾಯಿ ಮುಚ್ಚಿಸಿದವರು, ಅಭ್ಯಾಸ ಇರಲಿಲ್ಲ, ಮುಖ ಸಣ್ಣದಾಯಿತು. ಆದರೂ ದೊಡ್ಡ ಮನಸ್ಸಿನವರು. "ಕಾರು ಇವತ್ತು ನಿಮ್ಮ ಮನೆಯಲ್ಲೇ ಇರಲಿ. ನಾಳೆ ತೋರಿಸಿ. ಒಪ್ಪಿಗೆಯಾದರೆ ದುಡ್ಡು ಕೊಡಿ, ಕಾರು ನಿಮ್ಮದು" ಅಂತ ಕೀಲಿಕೈ ನನ್ನ ಕೈಯಲ್ಲಿಟ್ಟರು. ನಾನು ಓಡಿಸಿಕೊಂಡು ಬಂದೆ. ಹಿಂದೆ ಬನ್ನುಗಳಿಲ್ಲ, ಅತ್ತೆ ಇದ್ದರು. ಅಪ್ಪಚ್ಚಿಯಾಗಲಿಲ್ಲ.

ಮೈದುನ ಅವನ ಮನೆಗೆ ಹೋದ. ನಾನು ಬಾನೆಟ್ ಎತ್ತಿದೆ.

ಅಯ್ಯೋ, ಅದೇನು ಹೇಳಲಿ! ಕಪ್ಪು, ಜಿಡ್ಡು, ಧೂಳು, ಒಣಗಿದ ಎಲೆ, ಒಂದು ಸತ್ತ ಚಿಟ್ಟೆ. ಎಲ್ಲ ಸೇರಿ ಹಲ್ವದ ಹಾಗೆ ಕೂತಿತ್ತು. ಆಸ್ಪತ್ರೆಯಲ್ಲಿ ನಾನು ನೋಡದ ಕೊಳೆ ಇಲ್ಲ. ರಕ್ತ ನೋಡಿದ್ದೀನಿ, ಕೀವು ನೋಡಿದ್ದೀನಿ, ಅಯೋಡಿನ್ ಕಲೆ ತೆಗೆದಿದ್ದೀನಿ. ಇಂಥದ್ದು ನೋಡಿರಲಿಲ್ಲ. ಅಂಗೈ ಕಡಿಯೋಕೆ ಶುರುವಾಯಿತು.

"ಅತ್ತೆ, ಇದನ್ನ ಹೀಗೇ ಮೆಕ್ಯಾನಿಕ್ಕಿಗೆ ತೋರಿಸೋದಾ?"

ಅತ್ತೆ ಬಗ್ಗಿ ನೋಡಿದರು. ಮೂಗು ಮುಚ್ಚಿಕೊಂಡರು. "ಡಾಕ್ಟರ ಹತ್ತಿರ ಹೋಗೋವಾಗ ಮೈ ತೊಳ್ಕೊಂಡು ಹೋಗ್ತೀವಪ್ಪ ನಾವು" ಅಂದರು.

ಸಾಕು! ಹಂಡೆ ತುಂಬ ನೀರು ಕಾಯಿಸಿದೆ. ವಾಷಿಂಗ್ ಸೋಡ, ಸೋಪಿನ ಪುಡಿ, ಗಟ್ಟಿ ಬ್ರಷ್ಷು, ಮೃದು ಬ್ರಷ್ಷು, ಹಳೇ ಹಲ್ಲುಜ್ಜೋ ಬ್ರಷ್ಷು ಎಲ್ಲ ಸಾಲಾಗಿ ಇಟ್ಟೆ. ಮೊದಲು ಸೋಡ ಚಿಮುಕಿಸಿ ನೆನೆಯೋಕೆ ಬಿಟ್ಟೆ. ಆಮೇಲೆ ಉಜ್ಜಿದೆ. ಬಿಸಿನೀರು ಹೊಯ್ದೆ. ಮತ್ತೆ ಉಜ್ಜಿದೆ. ಕಪ್ಪು ನೀರು ಅಂಗಳದಿಂದ ಬೀದಿಯ ಚರಂಡಿ ತನಕ ನದಿಯಾಗಿ ಹರೀತು. ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತು ಮೇಲುಸ್ತುವಾರಿ ಮಾಡಿದರು. "ಆ ಮೂಲೆ ಬಿಟ್ಟೆ ನೋಡೇ." "ಆ ಪೈಪಿನ ಸಂದಿ." "ಅಲ್ಲಲ್ಲ, ಅದರ ಹಿಂದುಗಡೆ!"

ಸಂಜೆ ಹೊತ್ತಿಗೆ ಇಂಜಿನ್ ಪಾತ್ರೆ ಅಂಗಡಿಯ ಹಾಗೆ ಹೊಳೀತಾ ಇತ್ತು. ಒಂದು ಮುಚ್ಚಳದಲ್ಲಿ ನನ್ನ ಮುಖ ಕಂಡಿತು. ಅವರು ಹೋದ ಮೇಲೆ ಅವತ್ತೇ ಮೊದಲು ನಾನು ಹಸಿವಾಗಿ ಊಟ ಮಾಡಿದ್ದು. ತಟ್ಟೆಗೆ ಎರಡನೇ ಸಲ ಹಾಕಿಕೊಂಡೆ. ಅತ್ತೆ ಸಾರಿನ ಪಾತ್ರೆ ನನ್ನ ಕಡೆ ಸರಿಸಿದರು.

ಭಾನುವಾರ ಬೆಳಿಗ್ಗೆ ಮೈದುನ ಮೆಕ್ಯಾನಿಕ್ಕನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಮೆಕ್ಯಾನಿಕ್ ಬಾನೆಟ್ ಎತ್ತಿದ. ಎತ್ತಿದವನೇ ಒಂದು ಹೆಜ್ಜೆ ಹಿಂದೆ ಸರಿದ.

ನಾನು ಎದೆ ಉಬ್ಬಿಸಿ ನಿಂತೆ. ಹೊಗಳಿಕೆ ಬರುತ್ತೆ ಅಂತ!

"ಅಕ್ಕ, ಈ ಕಾರು ಯಾರದ್ದು?"

"ಒಬ್ಬ ಮೇಷ್ಟ್ರದು."

"ಮೇಷ್ಟ್ರಾ? ಪಕ್ಕಾ ಖದೀಮ!"

ನನ್ನ ಎದೆಯ ಗಾಳಿ ಪುಸ್ ಅಂತ ಇಳೀತು. "ಯಾಕಪ್ಪ?"

"ಇಷ್ಟು ವಯಸ್ಸಾದ ಇಂಜಿನ್ ಇಷ್ಟು ಕ್ಲೀನಾಗಿರುತ್ತಾ? ಆಯಿಲ್ ಎಲ್ಲಿ ಸೋರುತ್ತೋ ಅಲ್ಲಿ ಕಲೆ ಇರುತ್ತೆ ಅಕ್ಕ. ಆ ಕಲೆ ನೋಡೇ ನಾವು ರೋಗ ಕಂಡುಹಿಡಿಯೋದು. ಈ ಮನುಷ್ಯ ಒಂದೇ ಒಂದು ಗುರುತು ಬಿಡದ ಹಾಗೆ ತೊಳೆದುಬಿಟ್ಟಿದ್ದಾನೆ. ನೋಡಿ, ಪೈಪಿನ ಸಂದಿ ಸಮೇತ! ಇದು ಮಾಮೂಲಿ ಕಳ್ಳನ ಕೈ ಅಲ್ಲ. ಕಸುಬು ಗೊತ್ತಿರೋನ ಕೈ!"

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಆಕಾಶ ನೋಡಿದರು. ಅಲ್ಲೊಂದು ಕಾಗೆ ಕೂಡ ಇರಲಿಲ್ಲ.

"ಅದು… ಏನಾಯ್ತಂದ್ರೆ…" ಅಂತ ನಾನು ಬಾಯಿ ತೆಗೆದೆ. ಮೈದುನ ಆಗಲೇ ಫೋನ್ ಹಚ್ಚಿದ್ದ.

"ಹಲೋ! ಮೇಷ್ಟ್ರಾ? ಗಂಡನ್ನ ಕಳ್ಕೊಂಡ ಹೆಂಗಸು ಅಂತ ಮೋಸ ಮಾಡೋಕೆ ನೋಡ್ತೀರಾ? ಇಂಜಿನ್ ತೊಳೆದು ಕೊಟ್ಟಿದ್ದೀರಾ? ಇಷ್ಟು ವರ್ಷ ಮಕ್ಕಳಿಗೆ ಇದೇನಾ ಕಲಿಸಿದ್ದು?" ಇನ್ನೂ ಏನೇನೋ ಅಂದ. ಖದೀಮ ಅನ್ನೋದನ್ನೂ ಸೇರಿಸಿದ.

ಮೇಷ್ಟ್ರು ಮನೆಯಿಂದ ನಡೆದೇ ಬಂದರು. ಸಿಟ್ಟಿಗೆ ಎರಡು ಕಾಲಿಗೂ ಬೇರೆ ಬೇರೆ ಚಪ್ಪಲಿ ಹಾಕಿಕೊಂಡಿದ್ದರು.

"ಯಾರ್ರೀ ಇಂಜಿನ್ ತೊಳೆದಿದ್ದು? ನಾನು ಆ ಬಾನೆಟ್ ಒಳಗೆ ಒಂದು ತೊಟ್ಟು ನೀರು ಹಾಕಿಲ್ಲ!"

"ಬನ್ನಿ ಸಾರ್, ನೀವೇ ನೋಡಿ!"

ಮೇಷ್ಟ್ರು ಬಗ್ಗಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಬಗ್ಗಿದರು. ಎದ್ದು ನಿಂತಾಗ ಮುಖ ಬಿಳಚಿಕೊಂಡಿತ್ತು.

"ಇದು ನನ್ನ ಇಂಜಿನ್ನೇ ಅಲ್ಲ!"

"ಏನಂದ್ರಿ?"

"ನನ್ನ ಇಂಜಿನ್ ಕಪ್ಪಗಿತ್ತು. ಇದು ಬೆಳ್ಳಗಿದೆ. ನಂಬಿ ಒಂದು ರಾತ್ರಿ ಕಾರು ಬಿಟ್ಟರೆ ಇಂಜಿನ್ನೇ ಬದಲಾಯಿಸಿದ್ದೀರಾ! ಅದಕ್ಕೇ ಮೆಕ್ಯಾನಿಕ್ಕನ್ನ ಜೊತೆಗೆ ಇಟ್ಟುಕೊಂಡಿದ್ದೀರಾ!"

"ನಾಲಿಗೆ ಬಿಗಿ ಹಿಡೀರಿ!" ಅಂತ ಮೆಕ್ಯಾನಿಕ್ ಸ್ಪ್ಯಾನರ್ ಎತ್ತಿದ.

"ಕರೀರಿ ಪೊಲೀಸರನ್ನ!" ಅಂದರು ಮೇಷ್ಟ್ರು.

"ನಾವೇ ಕರೀತೀವಿ!" ಅಂದ ಮೈದುನ.

ಇಬ್ಬರೂ ಫೋನ್ ತೆಗೆದರು. ಅಕ್ಕಪಕ್ಕದ ಮನೆಯ ಕಿಟಕಿಗಳಲ್ಲಿ ತಲೆಗಳು ಮೂಡಿದವು. ಎದುರು ಮನೆಯಾಕೆ ಸರಿಯಾಗಿ ಕಾಣಲಿ ಅಂತ ಒಣಗಿ ಹಾಕಿದ್ದ ಟವೆಲ್ಲನ್ನೇ ತೆಗೆದುಬಿಟ್ಟಳು.

"ತೊಳೆದೋಳು ನಾನು!" ಅಂತ ಕಿರುಚಿದೆ.



"ಏನತ್ತಿಗೆ?"

"ನಾನೇ ತೊಳೆದೆ ಕಣಪ್ಪ. ನಿನ್ನೆ. ಸೋಡ ಹಾಕಿ. ಮೆಕ್ಯಾನಿಕ್ ಬರ್ತಾನಲ್ಲ, ಚೆನ್ನಾಗಿ ಕಾಣಲಿ ಅಂತ."

ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಳಿಸಿದ. "ಅಕ್ಕ, ಕಾರು ಮಾರೋರು ತೊಳೀತಾರೆ. ಕೊಳ್ಳೋರೇ ತೊಳೆದು ತಮಗೆ ತಾವೇ ಮೋಸ ಮಾಡಿಕೊಂಡಿದ್ದು ನನ್ನ ಸರ್ವೀಸಲ್ಲಿ ಇದೇ ಮೊದಲು."

"ನಾನು ಬೇಡ ಅಂತಲೇ ಹೇಳಿದೆ" ಅಂದರು ಅತ್ತೆ.

"ಅತ್ತೆ! ಪೈಪಿನ ಸಂದಿ ತೋರಿಸಿದ್ದು ಯಾರು?"

"ಸಂದಿ ತೋರಿಸಿದೆ. ತೊಳಿ ಅಂದ್ನಾ?"

ಮೇಷ್ಟ್ರು ನಗಲಿಲ್ಲ. ಕೈ ಚಾಚಿದರು. "ಕೀಲಿ ಕೊಡಿ. ಫೋನ್ ಮಾಡಿ ಖದೀಮ ಅಂದವರ ಮನೆಗೆ ನನ್ನ ಕಾರು ಕೊಡೋದಿಲ್ಲ."

"ಮೇಷ್ಟ್ರೇ, ತಪ್ಪಾಯ್ತು. ನಾಳೆ ಸೋಮವಾರ, ನನಗೆ ಕೆಲಸಕ್ಕೆ…"

"ಕೀಲಿ ಅಮ್ಮ."

ಕೊಟ್ಟೆ. ಇನ್ನೇನು ಮಾಡಲಿ? ಸೋಮವಾರ ಕೈಬಿಟ್ಟು ಹೋಯಿತು. ನನ್ನ ಜಾಗದಲ್ಲಿ ನಿಂತು ಮೆಷಿನ್ನಿಗೆ ಬಟ್ಟೆ ಹಾಕೋ ಆ ಬೇರೆಯವಳ ಬೆನ್ನು ಕೂಡ ಕಣ್ಣಿಗೆ ಕಂಡಿತು. ಮೇಷ್ಟ್ರು ಒಳಗೆ ಕೂತು ಬಾಗಿಲು ಹಾಕಿ ಕೀಲಿ ತಿರುಗಿಸಿದರು.

ಕುರ್ರ್… ಕುರ್ರ್… ಕಾರು ಕೆಮ್ಮಿತು. ಸೀನಿತು. ಸುಮ್ಮನಾಯಿತು.

ಮತ್ತೆ ತಿರುಗಿಸಿದರು. ಈ ಸಲ ಕೆಮ್ಮಲೂ ಇಲ್ಲ.

ಮೆಕ್ಯಾನಿಕ್ ಹಣೆ ಚಚ್ಚಿಕೊಂಡ. "ಪ್ಲಗ್ ಒಳಗೆಲ್ಲ ನೀರು ತುಂಬಿರುತ್ತೆ. ಬಿಚ್ಚಿ ಒಣಗಿಸಬೇಕು. ಬಿಸಿಲು ಬರಲಿ. ಎಲ್ಲರೂ ಕೂತ್ಕೊಳ್ಳಿ."

ಅವನು ಬಿಚ್ಚಿ ಕೊಟ್ಟದ್ದನ್ನೆಲ್ಲ ನಾನು ಒರೆಸಿ, ಗೋಡೆಯ ಮೇಲೆ ಬಿಳಿ ಬಟ್ಟೆ ಹಾಸಿ ಸಾಲಾಗಿ ಒಣಗಿಸಿದೆ. ಮೇಷ್ಟ್ರು ಬೇರೆ ದಾರಿಯಿಲ್ಲದೆ ನಮ್ಮ ಮೆಟ್ಟಿಲ ಮೇಲೆ ಕೂತರು. ಅತ್ತೆ ಟೀ ತಂದು ಕೈಗೆ ಕೊಟ್ಟು ತಾವೂ ಅಲ್ಲೇ ಕೂತರು. ಗೋಡೆ ಹತ್ತಿರ ಇದ್ದ ನನಗೆ ಕೇಳಿಸೋದಿಲ್ಲ ಅಂದುಕೊಂಡರೋ, ಕೇಳಿಸಲಿ ಅಂತಲೋ, ಗೊತ್ತಿಲ್ಲ.

"ಸಿಟ್ಟು ಮಾಡ್ಕೋಬೇಡಿ ಮೇಷ್ಟ್ರೇ. ನನ್ನ ಮಗ ಹೋದ. ಇವಳು ಕೂತು ಅಳಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಒಗೀತಾಳೆ. ಮನೆಯ ಪರದೆ ಒಗೆದಳು. ಕಂಬಳಿ ಒಗೆದಳು. ಗೋಡೆ ತೊಳೆದಳು. ಒಗೆದ ಕಂಬಳೀನ ಇನ್ನೊಂದು ಸಲ ಒಗೆದಳು. ಅವನ ಬಟ್ಟೆ ಮಾತ್ರ ಮುಟ್ಟಿಲ್ಲ. ನಿನ್ನೆ ನಿಮ್ಮ ಕಾರು ಸಿಕ್ತು. ನಾನೂ ಬೇಡ ಅನ್ನಲಿಲ್ಲ. ಇನ್ನೂ ಎರಡು ಮೂಲೆ ತೋರಿಸಿದೆ."

ನಾನು ಪ್ಲಗ್ ಒರೆಸ್ತಾನೇ ಇದ್ದೆ. ಅದು ಆಗಲೇ ಒಣಗಿತ್ತು.

ಮೇಷ್ಟ್ರು ಬಹಳ ಹೊತ್ತು ಟೀ ಊದಿದರು. ಅದೂ ಆರಿತ್ತು. ಆಮೇಲೆ ಎದ್ದು ಬಂದು ಗೋಡೆಯ ಮೇಲೆ ಕೀಲಿಕೈ ಇಟ್ಟರು.

"ತಗೊಳ್ಳಿ ಅಮ್ಮ. ಇಲ್ಲೇ ಕೂತಿದ್ದರೆ ನನ್ನನ್ನೂ ಸೋಡದಲ್ಲಿ ನೆನೆಹಾಕಿಬಿಡ್ತೀರಿ."

ನನಗೆ ನಗು ಬಂತು. ಅದರ ಹಿಂದೆಯೇ ಇನ್ನೊಂದೂ ಬಂತು. ಎರಡನ್ನೂ ಕೈಯಲ್ಲಿದ್ದ ಬಟ್ಟೆಯಿಂದಲೇ ಒರೆಸಿಕೊಂಡೆ. ಮುಖ ಕಪ್ಪಾಯಿತು ಅಂತ ಆಮೇಲೆ ಗೊತ್ತಾಯಿತು.

"ಈಗಲಾದರೂ ನನ್ನ ಮಾತು ಮುಗಿಸಬಹುದಾ?" ಅಂತ ಮೇಷ್ಟ್ರು ಮೈದುನನನ್ನು ಕೇಳಿದರು. ಅವನು ತಲೆ ತಗ್ಗಿಸಿ ಕೈ ಕಟ್ಟಿದ. "ನಿನ್ನೆ ಹೇಳೋಕೆ ಹೊರಟಿದ್ದು ಇಷ್ಟೇ. ಈ ಕಾರು ಆಯಿಲ್ ಸೋರುತ್ತೆ. ಎಲ್ಲಿ ಅಂತ ನನಗೆ ಗೊತ್ತಿಲ್ಲ. ದಿನಾ ಬೆಳಿಗ್ಗೆ ಆಯಿಲ್ ಅಳೆಯೋ ಕಡ್ಡಿ ಎತ್ತಿ ನೋಡಿ, ಕಡಿಮೆಯಿದ್ದರೆ ಹಾಕಬೇಕು. ಹಾಗೆ ನೋಡಿಕೊಂಡರೆ ಇನ್ನೂ ಬಹಳ ದೂರ ಹೋಗುತ್ತೆ."

"ಎಲ್ಲಿ ಸೋರುತ್ತೆ ಅಂತ ನಾನು ಹೇಳ್ತಿದ್ದೆ. ಅದರ ವಿಳಾಸ ಚರಂಡಿಗೆ ಹೋಯ್ತಲ್ಲ!" ಅಂದ ಮೆಕ್ಯಾನಿಕ್. "ಅಕ್ಕ, ಕೇಳಿಸಿಕೊಳ್ಳಿ. ಓಡಿಸಿ. ಇಂಜಿನ್ ಮತ್ತೆ ಗಲೀಜಾಗಲಿ. ಆಗ ಬಂದು ನೋಡಿ ರಿಪೇರಿ ಮಾಡ್ತೀನಿ. ಅಲ್ಲೀವರೆಗೆ ನೀರು ಮುಟ್ಟಿಸಬೇಡಿ. ಬ್ರಷ್ಷು ಮುಟ್ಟಿಸಬೇಡಿ."

"ಒಣ ಬಟ್ಟೆ?"

"ಅಕ್ಕ!"

ಸೋಮವಾರ ಮೇಲ್ವಿಚಾರಕಿ ಬೀಗದ ಕೈ ಹಿಡಿದು ಬಂದಾಗ ಬಾಗಿಲಲ್ಲಿ ನಾನಿದ್ದೆ. ಕಾರು ದಾರಿಯುದ್ದಕ್ಕೂ ಸೋಪಿನ ವಾಸನೆ ಹೊಡೆದುಕೊಂಡು ಬಂದಿತ್ತು. "ಇದೇನೇ, ಬಟ್ಟೆ ಮನೆಯಲ್ಲೇ ಒಗೆದು ತಂದ್ಯಾ?" ಅಂದಳು.

ಮೆಕ್ಯಾನಿಕ್ ಆಮೇಲೊಮ್ಮೆ ಬಂದು ನೋಡಿದ. ತುಟಿ ಕಚ್ಚಿ ತಲೆಯಾಡಿಸಿದ. "ಸಾಲದು ಅಕ್ಕ. ಇನ್ನೂ ಕೊಳೆಯಾಗಬೇಕು. ನೀವು ಮನಸ್ಸು ಮಾಡ್ತಾ ಇಲ್ಲ" ಅಂದ. ಹೀಗೆ ಬೈಸಿಕೊಂಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಈಗ ದಿನಾ ಎದ್ದು ಬಾನೆಟ್ ಎತ್ತುತ್ತೀನಿ. ಕಡ್ಡಿ ಹೊರಗೆ ಎಳೆದು ಅವರ ಬನಿಯನ್ನಿನ ತುಂಡಿನಲ್ಲಿ ಒರೆಸ್ತೀನಿ. ಹೌದು, ಒಂದನ್ನು ಹರಿದೆ. ಕಡ್ಡಿ ಮತ್ತೆ ಅದ್ದಿ, ಎತ್ತಿ, ನೋಡಿ, ಬೇಕಾದಷ್ಟು ಆಯಿಲ್ ಹಾಕ್ತೀನಿ. ಅತ್ತೆ ಮೆಟ್ಟಿಲ ಮೇಲೆ ಟಾರ್ಚ್ ಹಿಡಿದು ನಿಂತಿರ್ತಾರೆ. ಮಗ ಇದ್ದಾಗ ಒಂದು ದಿನವೂ ಆ ಹೊತ್ತಿಗೆ ಎದ್ದವರಲ್ಲ. ಮಂಡಿ ನೋವು, ಒಳಗೆ ಹೋಗಿ ಮಲಗಿ ಅಂದರೆ, "ನಿನ್ನನ್ನ ಕಳಿಸಿಕೊಡೋಕೆ ಬಂದಿಲ್ಲ ಕಣೇ, ಕಾವಲಿಗೆ ಬಂದಿದ್ದೀನಿ" ಅಂತಾರೆ.

ಕಡ್ಡಿಯ ಪಕ್ಕದಲ್ಲೇ ಒಂದು ಜಿಡ್ಡಿನ ಕಲೆ ಇದೆ. ಹೊಸದು. ದಿನಾ ಸ್ವಲ್ಪ ಸ್ವಲ್ಪ ಅಗಲವಾಗ್ತಾ ಇದೆ. ನನ್ನ ಕೈ ಬನಿಯನ್ ತುಂಡಿನ ಸಮೇತ ತಾನಾಗೇ ಅತ್ತ ಜರುಗುತ್ತೆ.

ಟಾರ್ಚಿನ ಬೆಳಕು ಸೀದಾ ನನ್ನ ಮುಖಕ್ಕೆ ಬೀಳುತ್ತೆ.

"ಕೈ!" ಅಂತಾರೆ ಅತ್ತೆ.

ತೆಗೀತೀನಿ. ಬಾನೆಟ್ ಮುಚ್ಚಿ ಕೆಲಸಕ್ಕೆ ಹೋಗ್ತೀನಿ.